ಕೀಬೋರ್ಡ್ ಸ್ವಿಚ್ಚಿಗೆ ಲ್ಯೂಬ್ ಹಚ್ಚುವುದು ಹೇಗೆ? ಕನ್ನಡ ಟೈಪ್ ಮಾಡುವವರಿಗೊಂದು ಮಾರ್ಗದರ್ಶಿ

ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಯ ಕೆಳಗೂ ಬೇರೆ ಬೇರೆ ಸ್ವಿಚ್ ಇರುವಂಥದ್ದು) ಕೊಂಡು ಸ್ವಲ್ಪ ದಿನ ಆದ ಮೇಲೆ ಹೆಚ್ಚಿನವರು ಹೇಳುವ ದೂರು ಎರಡು. ಕೀಯನ್ನು ನಿಧಾನವಾಗಿ ಒತ್ತಿದರೆ ಒಳಗೆ ಗರಗರ ಉಜ್ಜುತ್ತದೆ. ಬೆರಳು ಎತ್ತಿದ ಮೇಲೂ ಟಿಂಗ್ ಅಂತ ಸಣ್ಣ ಸದ್ದು ಉಳಿಯುತ್ತದೆ. ಹಗಲು ಹೊತ್ತು ತುಮಕೂರಿನ ಬಿ.ಎಚ್. ರಸ್ತೆಯ ಗದ್ದಲದಲ್ಲಿ ಇದು ಗೊತ್ತೇ ಆಗುವುದಿಲ್ಲ. ರಾತ್ರಿ ಹತ್ತರ ಮೇಲೆ ಹಾಸ್ಟೆಲ್ ರೂಮಿನಲ್ಲಿ ಪಕ್ಕದ ಮಂಚದವರು ಮಲಗಿರುವಾಗ ಅದೇ ಸದ್ದು ತಲೆ ತಿನ್ನುತ್ತದೆ.

ಎರಡಕ್ಕೂ ಮದ್ದು ಒಂದೇ. ಸ್ವಿಚ್ ಬಿಚ್ಚಿ ಒಳಗೆ ಲ್ಯೂಬ್, ಅಂದರೆ ನುಣುಪಾಗಿ ಜಾರಿಸುವ ಗ್ರೀಸ್ ಅಥವಾ ಎಣ್ಣೆ, ಹಚ್ಚುವುದು. ದುಡ್ಡು ಜಾಸ್ತಿ ಬೇಡ, ಒಂದು ಭಾನುವಾರ ಬೇಕು. ತುಮಕೂರಿನಲ್ಲಿ ಕೂತು ದಿನವಿಡೀ ಕನ್ನಡ ಟೈಪ್ ಮಾಡುವವನಾಗಿ ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷ್ ಟೈಪ್ ಮಾಡುವವರಿಗಿಂತ ನಮಗೆ ಕೆಲವು ಕೀಗಳ ಮೇಲೆ ಕೆಲಸ ಜಾಸ್ತಿ. ಆ ಮಾತಿಗೂ ಮುಂದೆ ಬರುತ್ತೇನೆ.

ಯಾವ ಲ್ಯೂಬ್ ಒಳ್ಳೆಯದು ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾದದ್ದು ಎಷ್ಟು ಹಚ್ಚುತ್ತೀರಿ ಅನ್ನುವುದು. ಕಡಿಮೆ ಹಚ್ಚಿ. ಎಲ್ಲಾ ಸ್ವಿಚ್ಚಿಗೂ ಒಂದೇ ಅಳತೆಯಲ್ಲಿ ಹಚ್ಚಿ. ದುಬಾರಿ ಲ್ಯೂಬನ್ನು ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಹಚ್ಚಿದರೆ ಪ್ರತಿ ಅಕ್ಷರವೂ ಬೆರಳಿಗೆ ಬೇರೆ ಬೇರೆ ಥರ ಸಿಗುತ್ತದೆ. ಅದಕ್ಕಿಂತ ಹಚ್ಚದೇ ಇರುವುದೇ ವಾಸಿ.

ಸ್ವಿಚ್ ಒಳಗೆ ಏನಿದೆ

ಇವತ್ತು ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಸ್ವಿಚ್‌ಗಳ ವಿನ್ಯಾಸಕ್ಕೆ ಮೂಲ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್. ಅದರ ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಮುಂತಾದ ಚೀನಾ ಕಂಪನಿಗಳೂ ಅದೇ ಮಾದರಿಯಲ್ಲಿ ಮಾಡುತ್ತಿವೆ. ಹಾಗಾಗಿ ನಿಮ್ಮ ಕೀಬೋರ್ಡ್ ಯಾವ ಕಂಪನಿಯದಾದರೂ ಒಳಗಿನ ಭಾಗಗಳು ಹೆಚ್ಚು ಕಡಿಮೆ ಇವೇ: ಮೇಲಿನ ಹೌಸಿಂಗ್ (ಪ್ಲಾಸ್ಟಿಕ್ ಕವಚ), ಕೆಳಗಿನ ಹೌಸಿಂಗ್, ನಡುವೆ ಮೇಲೆ ಕೆಳಗೆ ಓಡಾಡುವ ಸ್ಟೆಮ್, ಅದನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್, ಪಕ್ಕದಲ್ಲಿ ತಾಮ್ರದ ಬಣ್ಣದ ಒಂದು ತೆಳು ಲೋಹದ ಪಟ್ಟಿ. ಈ ಪಟ್ಟಿಗೆ ಲೀಫ್ ಅನ್ನುತ್ತಾರೆ. ಕೀ ಒತ್ತಿದ್ದು ಕಂಪ್ಯೂಟರಿಗೆ ಗೊತ್ತಾಗುವುದು ಇದರಿಂದ. ಮಾಮೂಲಿ ಸ್ವಿಚ್ಚಿನಲ್ಲಿ ಸ್ಟೆಮ್ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ. 2 ಮಿಲಿಮೀಟರ್ ಇಳಿಯುವಷ್ಟರಲ್ಲಿ ಅಕ್ಷರ ಬಿದ್ದಿರುತ್ತದೆ.

ಗರಗರ ಬರುವುದು ಸ್ಟೆಮ್ಮಿನ ಪಕ್ಕಗಳು ಹೌಸಿಂಗಿನ ಒಳಗೋಡೆಗೆ ಉಜ್ಜುವುದರಿಂದ. ಟಿಂಗ್ ಅನ್ನುವುದು ಸ್ಪ್ರಿಂಗ್ ಕಂಪಿಸುವ ಸದ್ದು. ಇನ್ನು ಸ್ಟೆಮ್ ತಳಕ್ಕೆ ಬಡಿದಾಗ, ಮೇಲೆ ಬಂದು ತಾಗಿದಾಗ ಟಕ್ ಟಕ್ ಅನ್ನುತ್ತದಲ್ಲ, ಲ್ಯೂಬ್ ಹಚ್ಚಿದ ಮೇಲೂ ಅದು ಇರುತ್ತದೆ. ಅದರ ಚೂಪು ಕಡಿಮೆಯಾಗಿ ಸ್ವಲ್ಪ ದಪ್ಪ ದನಿ ಬರುತ್ತದೆ, ಅಷ್ಟೇ. ಕೀಬೋರ್ಡ್ ಪೂರ್ತಿ ಮೂಕಿಯಾಗುತ್ತದೆ ಅಂತ ಎಣಿಸಬೇಡಿ.

ಮೊದಲು ನಿಮ್ಮದು ಯಾವ ಜಾತಿಯ ಸ್ವಿಚ್ ಅಂತ ತಿಳಿದುಕೊಳ್ಳಿ. ಒಂದು ಕೀಯನ್ನು ತುಂಬಾ ನಿಧಾನವಾಗಿ ಒತ್ತಿ. ಮೇಲಿನಿಂದ ತಳದವರೆಗೆ ಎಲ್ಲೂ ತಡೆಯಿಲ್ಲದೆ ಇಳಿದರೆ ಲೀನಿಯರ್. ನಡುವೆ ಸಣ್ಣ ಉಬ್ಬು ದಾಟಿದಂತಾದರೆ ಟ್ಯಾಕ್ಟೈಲ್. ಉಬ್ಬಿನ ಜೊತೆ ಟಿಕ್ ಅಂತ ಸದ್ದೂ ಬಂದರೆ ಕ್ಲಿಕ್ಕಿ. ಚೆರ್ರಿಯಲ್ಲಿ ಕೆಂಪು, ಕಂದು, ನೀಲಿ ಬಣ್ಣದ ಸ್ಟೆಮ್ಮುಗಳು ಕ್ರಮವಾಗಿ ಈ ಮೂರು ಜಾತಿಗೆ ಸೇರಿದವು. ಬೇರೆ ಕಂಪನಿಗಳ ಬಣ್ಣವನ್ನು ನೋಡಿ ನಿರ್ಧಾರ ಮಾಡಬೇಡಿ, ಬೆರಳನ್ನು ನಂಬಿ.

ಲೀನಿಯರ್ ಆದರೆ ಲ್ಯೂಬಿನಿಂದ ಅತಿ ಹೆಚ್ಚು ಲಾಭ. ಟ್ಯಾಕ್ಟೈಲ್ ಆದರೆ ಹುಷಾರಾಗಿ ಮಾಡಬೇಕು. ಕ್ಲಿಕ್ಕಿ ಆದರೆ ಸ್ಪ್ರಿಂಗಿಗೆ ಮಾತ್ರ ಹಚ್ಚಿ ಬಿಟ್ಟುಬಿಡಿ. ಒಳಗಿನ ಕ್ಲಿಕ್ ಭಾಗಕ್ಕೆ ಲ್ಯೂಬ್ ತಾಗಿದರೆ ಆ ಟಿಕ್ ಸದ್ದೇ ಮಂಕಾಗುತ್ತದೆ. ಅದಕ್ಕಾಗಿಯೇ ಅಲ್ವಾ ಆ ಸ್ವಿಚ್ ಕೊಂಡಿದ್ದು?

ಇನ್ನೊಂದು ವಿಷಯ. ಈಗೀಗ ಎಷ್ಟೋ ಸ್ವಿಚ್‌ಗಳು ಫ್ಯಾಕ್ಟರಿಯಲ್ಲೇ ಲ್ಯೂಬ್ ಹಚ್ಚಿಸಿಕೊಂಡು ಬರುತ್ತವೆ. ನಿಮ್ಮದು ಈಗಾಗಲೇ ನುಣುಪಾಗಿದ್ದರೆ ಸುಮ್ನೆ ಬಿಚ್ಚುವ ಕೆಲಸಕ್ಕೆ ಹೋಗಬೇಡಿ. ವಾರಂಟಿ ಇನ್ನೂ ಇದ್ದರೆ ಅದರ ಷರತ್ತನ್ನೂ ಓದಿಕೊಳ್ಳಿ.

ಹಾಟ್‌ಸ್ವಾಪ್ ಹೌದೋ ಅಲ್ಲವೋ

ಹಾಟ್‌ಸ್ವಾಪ್ ಕೀಬೋರ್ಡಿನಲ್ಲಿ ಸ್ವಿಚ್‌ಗಳನ್ನು ಕೈಯಲ್ಲೇ ಕಿತ್ತು ಮತ್ತೆ ಕೂರಿಸಬಹುದು. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಹಾಗಲ್ಲದೆ ಬೆಸುಗೆ ಹಾಕಿದ ಕೀಬೋರ್ಡ್ ಆದರೆ ಒಂದೊಂದು ಸ್ವಿಚ್ಚಿನ ಎರಡೆರಡು ಪಿನ್ನಿನ ಬೆಸುಗೆ ಬಿಡಿಸಬೇಕು. ಸೋಲ್ಡರಿಂಗ್ ಕೈಗೆ ಒಗ್ಗಿದವರಿಗೆ ಅದು ಕಷ್ಟವಲ್ಲ. ಹೊಸಬರು ಮಾತ್ರ ಕೈ ಹಾಕಬೇಡಿ, ಬೋರ್ಡಿನ ಮೇಲಿನ ತಾಮ್ರದ ಗೆರೆ ಎದ್ದು ಬಂದರೆ ಸರಿಮಾಡುವುದು ದೊಡ್ಡ ತಲೆನೋವು. ಇಲ್ಲಿಂದ ಮುಂದೆ ಹೇಳುವುದೆಲ್ಲ ಹಾಟ್‌ಸ್ವಾಪ್ ಕೀಬೋರ್ಡಿನ ಬಗ್ಗೆ.

ಏನೇನು ಬೇಕು

ಲೀನಿಯರ್ ಸ್ವಿಚ್ಚಿಗೆ ಎಲ್ಲರೂ ಹೇಳುವ ಹೆಸರು ಕ್ರೈಟಾಕ್ಸ್ 205 ಗ್ರೇಡ್ 0. ಬೆಳ್ಳಗೆ, ಮಂದವಾಗಿರುವ ಗ್ರೀಸ್. ಟ್ಯಾಕ್ಟೈಲಿಗೆ ಅದಕ್ಕಿಂತ ತೆಳುವಾದ ಟ್ರೈಬೋಸಿಸ್ 3203 ಅಥವಾ 3204 ವಾಸಿ. ಸ್ಪ್ರಿಂಗಿಗೆ ನೀರಾಗಿರುವ ಕ್ರೈಟಾಕ್ಸ್ 105 ಎಣ್ಣೆ. ಮೂರನ್ನೂ ಕೊಳ್ಳಬೇಕಿಲ್ಲ. ಲೀನಿಯರ್ ಇರುವವರು 205 ಒಂದರಲ್ಲೇ ಎಲ್ಲಾ ಮುಗಿಸಬಹುದು. 5 ಮಿಲಿಲೀಟರಿನ ಸಣ್ಣ ಡಬ್ಬಿ ಒಂದು ಕೀಬೋರ್ಡಿಗೆ ಧಾರಾಳ. ಇದನ್ನು ಆನ್‌ಲೈನಿನಲ್ಲೇ ತರಿಸಬೇಕು, ಊರಿನ ಕಂಪ್ಯೂಟರ್ ಅಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ.

ಕೊಬ್ಬರಿ ಎಣ್ಣೆ ಹಾಕಿದರೆ ಆಗಲ್ವಾ ಅಂತ ನಮ್ಮ ಕಡೆ ಕೇಳಿಯೇ ಕೇಳುತ್ತಾರೆ. ಕಲ್ಪತರು ನಾಡಿನವರು ಕೇಳದೆ ಇರುತ್ತೇವೆಯೇ. ಆಗಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬೆಳಗ್ಗೆ ಎದ್ದು ಬಚ್ಚಲಮನೆಯ ಎಣ್ಣೆ ಬಾಟಲಿ ನೋಡಿದರೆ ಗೊತ್ತಾಗುತ್ತದೆ, ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಸ್ವಿಚ್ ಒಳಗೂ ಅದೇ ಆಗುತ್ತದೆ. ಬೇಸಿಗೆಯಲ್ಲಿ ನೀರಾಗಿ ಲೀಫ್ ಕಡೆ ಹರಿಯುತ್ತದೆ, ಆಮೇಲೆ ಕಮಟು ಹಿಡಿದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ಬೇಡ, ಅದು ತುಂಬಾ ನೀರು, ನಿಂತಲ್ಲಿ ನಿಲ್ಲುವುದಿಲ್ಲ. ಡಬ್ಲ್ಯುಡಿ-40 ಅಂತೂ ಬೇಡವೇ ಬೇಡ. ಅದರ ಬಹುಪಾಲು ಆರಿಹೋಗುವ ದ್ರಾವಕ. ಅದು ಆರಿದ ಮೇಲೆ ಉಳಿಯುವುದು ಧೂಳು ಹಿಡಿಯುವ ಜಿಡ್ಡು. ಕ್ರೈಟಾಕ್ಸಿನಂಥವು ಪ್ಲಾಸ್ಟಿಕ್ಕಿಗೆ ಏನೂ ಮಾಡುವುದಿಲ್ಲ, ಆರುವುದಿಲ್ಲ, ಹಳಸುವುದಿಲ್ಲ. ದುಬಾರಿಯಾದರೂ ಜನ ಅದನ್ನೇ ಹಚ್ಚುವುದು ಈ ಕಾರಣಕ್ಕೆ.

ಉಳಿದವು ಊರಲ್ಲೇ ಸಿಗುತ್ತವೆ. ಚಿತ್ರ ಬಿಡಿಸುವ 0 ಅಥವಾ 00 ನಂಬರಿನ ಸಣ್ಣ ಬ್ರಷ್‌ಗೆ ಎಂ.ಜಿ. ರಸ್ತೆ ಕಡೆಯ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ. ಕೂದಲು ಉದುರದ ಬ್ರಷ್ ಆರಿಸಿ. ಸ್ಟೆಮ್ ಹಿಡಿಯಲು ಬಂಗಾರದ ಕೆಲಸದವರು ಹರಳು ಹಿಡಿಯುವ, ಹಿಂದೆ ಒತ್ತಿದರೆ ಮುಂದೆ ಸಣ್ಣ ಉಗುರುಗಳು ಬಿಚ್ಚಿಕೊಳ್ಳುವ ಪೆನ್ನಿನಂಥ ಸಾಧನ ಬಹಳ ಚೆನ್ನ. ಅದಿಲ್ಲದಿದ್ದರೆ ಚಿಮಟ. ಸ್ವಿಚ್ ಕೀಳುವ ಇಕ್ಕಳ ಸಾಮಾನ್ಯವಾಗಿ ಕೀಬೋರ್ಡಿನ ಜೊತೆಗೇ ಬಂದಿರುತ್ತದೆ. ಸ್ವಿಚ್ ಬಿಚ್ಚುವ ಓಪನರ್ ಮಾತ್ರ ಲ್ಯೂಬಿನ ಜೊತೆ ತರಿಸಿಕೊಳ್ಳಿ. ಸಣ್ಣ ಸ್ಕ್ರೂಡ್ರೈವರಿನಲ್ಲೂ ಬಿಚ್ಚಬಹುದು ನಿಜ, ಆದರೆ ಎಂಬತ್ತು ಸ್ವಿಚ್ ಬಿಚ್ಚುವಷ್ಟರಲ್ಲಿ ಬೆರಳು ಕೊಯ್ದುಕೊಳ್ಳುತ್ತೀರಿ, ಕ್ಲಿಪ್ಪುಗಳೂ ಮುರಿಯುತ್ತವೆ.

ಜಾಗ, ಹೊತ್ತು

87 ಕೀಗಳ ಕೀಬೋರ್ಡಿನಲ್ಲಿ ಒಂದು ಸ್ವಿಚ್ಚಿಗೆ ಮೂರು ನಿಮಿಷ ಅಂದರೂ ನಾಲ್ಕು ಗಂಟೆ ಮೀರುತ್ತದೆ. ಒಂದೇ ಸಲಕ್ಕೆ ಮುಗಿಸಲೇಬೇಕು ಅಂತೇನಿಲ್ಲ. ಹಗಲು ಬೆಳಕಲ್ಲಿ ಕಿಟಕಿ ಹತ್ತಿರ ಕೂರಿ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಫ್ಯಾನ್ ಆರಿಸಿ, ರಸ್ತೆ ಕಡೆಯ ಕಿಟಕಿ ಮುಚ್ಚಿ. ನಮ್ಮ ಊರಿನ ಧೂಳು ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ. ಒಮ್ಮೆ ಲ್ಯೂಬಿಗೆ ಧೂಳು ಅಂಟಿತು ಅಂದರೆ ಗರಗರ ಕಳೆಯಲು ಹೋಗಿ ಗರಗರ ತಂದುಕೊಂಡ ಹಾಗೆ. ಕೆಳಗೆ ಬಿಳಿ ಬಟ್ಟೆ ಹಾಸಿ, ಹಾರಿದ ಸ್ಪ್ರಿಂಗ್ ಅದರ ಮೇಲೆ ಕಣ್ಣಿಗೆ ಬೀಳುತ್ತದೆ.

ಒಂದು ಎಚ್ಚರಿಕೆ. ಈ ಲ್ಯೂಬುಗಳು ಮಾಮೂಲಿ ಬಿಸಿಯಲ್ಲಿ ನಿರಪಾಯ, ಬೆಂಕಿಯಷ್ಟು ಬಿಸಿಯಾದರೆ ಮಾತ್ರ ವಿಷದ ಹೊಗೆ ಬಿಡುತ್ತವೆ. ಕೈಗೆ ಲ್ಯೂಬ್ ಅಂಟಿರುವಾಗ ಬೀಡಿ ಸಿಗರೇಟು ಮುಟ್ಟಬೇಡಿ. ಲ್ಯೂಬ್ ಅಂಟಿದ ಪಿನ್ನಿಗೆ ಬಿಸಿ ಸೋಲ್ಡರಿಂಗ್ ಕಡ್ಡಿ ತಾಗಿಸಬೇಡಿ. ಏನಾದರೂ ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಬಿಚ್ಚುವುದು

ಕೀಬೋರ್ಡಿನ ವೈರ್ ಕಿತ್ತು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಕೀಕ್ಯಾಪ್‌ಗಳನ್ನು (ಅಕ್ಷರ ಬರೆದಿರುವ ಮೇಲಿನ ಮುಚ್ಚಳಗಳು) ತೆಗೆದು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಾಕಿ. ಸ್ವಿಚ್ ಕೆಲಸ ಮುಗಿಯುವಷ್ಟರಲ್ಲಿ ಅವೂ ತೊಳೆದು ಒಣಗಿರುತ್ತವೆ.

ಸ್ವಿಚ್ ಕೀಳುವಾಗ ಇಕ್ಕಳವನ್ನು ಸ್ವಿಚ್ಚಿನ ಮೇಲ್ಗಡೆ ಮತ್ತು ಕೆಳಗಡೆ ಇರುವ ಕ್ಲಿಪ್ಪಿಗೆ ಹಿಡಿಸಿ, ಒತ್ತಿ, ನೆಟ್ಟಗೆ ಮೇಲಕ್ಕೆ ಎಳೆಯಿರಿ. ಓರೆ ಎಳೆದರೆ ಪಿನ್ ಬಾಗುತ್ತದೆ. ಮೊದಲ ಸಲ ಎಲ್ಲವನ್ನೂ ಕೀಳಬೇಡಿ. ಅಪರೂಪಕ್ಕೆ ಒತ್ತುವ ಎಫ್ 9, ಸ್ಕ್ರಾಲ್ ಲಾಕ್‌ನಂಥ ನಾಲ್ಕೈದು ಕೀಗಳ ಸ್ವಿಚ್ ತೆಗೆದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಕೂರಿಸಿ, ಒತ್ತಿ ನೋಡಿ, ಪಕ್ಕದ ಹಚ್ಚದ ಸ್ವಿಚ್ಚಿನ ಜೊತೆ ಹೋಲಿಸಿ. ವ್ಯತ್ಯಾಸ ಇಷ್ಟವಾದರೆ ಮಾತ್ರ ಮುಂದಕ್ಕೆ ಹೋಗಿ.

ಓಪನರಿನ ಹಲ್ಲುಗಳ ಮೇಲೆ ಸ್ವಿಚ್ ಇಟ್ಟು ಒತ್ತಿದರೆ ಮೇಲಿನ ಹೌಸಿಂಗ್ ಕಳಚಿಕೊಳ್ಳುತ್ತದೆ. ಕಂಪನಿಯ ಹೆಸರು ಯಾವ ಕಡೆ ಇತ್ತು ಅಂತ ನೋಡಿಕೊಂಡಿರಿ. ಹತ್ತು ಹತ್ತು ಸ್ವಿಚ್ಚಿನ ಗುಂಪು ಮಾಡಿಕೊಂಡು ಕೆಲಸ ಮಾಡಿದರೆ ಭಾಗಗಳು ಚೆಲ್ಲಾಪಿಲ್ಲಿಯಾಗುವುದಿಲ್ಲ.

ಹಚ್ಚುವುದು

ಬ್ರಷ್ಷಿನ ತುದಿಯನ್ನು ಮಾತ್ರ ಲ್ಯೂಬಿನಲ್ಲಿ ಅದ್ದಿ. ಡಬ್ಬಿಯ ಅಂಚಿಗೆ ಎರಡೂ ಕಡೆ ಒರೆಸಿ. ತುದಿಯಲ್ಲಿ ಗಡ್ಡೆ ಕಾಣಬಾರದು. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರುತ್ತೇವಲ್ಲ, ಎಣ್ಣೆ ಕಾಣುವುದಿಲ್ಲ, ಹೊಳಪು ಮಾತ್ರ ಕಾಣುತ್ತದೆ. ಅಷ್ಟೇ ಸಾಕು. ಹಚ್ಚಿದ ಜಾಗದಲ್ಲಿ ಲ್ಯೂಬಿನ ಬಿಳಿ ಬಣ್ಣ ಕಂಡರೆ ಜಾಸ್ತಿಯಾಗಿದೆ ಅಂತಲೇ ಅರ್ಥ. ಒಣ ಬ್ರಷ್ಷಿನಿಂದ ಒಮ್ಮೆ ಎಳೆದು ತೆಗೆಯಿರಿ.

ಕೆಳಗಿನ ಹೌಸಿಂಗಿನಿಂದ ಶುರು ಮಾಡಿ. ಒಳಗೆ ಎರಡೂ ಪಕ್ಕಗಳಲ್ಲಿ ಸ್ಟೆಮ್ ಜಾರುವ ಸಣ್ಣ ಹಳಿಗಳು ಕಾಣುತ್ತವೆ. ಅವುಗಳ ಮೇಲೆ ಒಂದೊಂದು ಸಲ ಬ್ರಷ್ ಎಳೆಯಿರಿ. ನಡುವಿನ ಕೊಳವೆಯ ಬುಡದಲ್ಲಿ ಸ್ಪ್ರಿಂಗ್ ಕೂರುವ ಜಾಗಕ್ಕೆ ಒಂದು ಸುತ್ತು. ಲೀಫ್ ಇರುವ ಕಡೆಗೆ ಬ್ರಷ್ ಹೋಗದಂತೆ ನೋಡಿಕೊಳ್ಳಿ. ಅದರ ಸಂಪರ್ಕ ಬಿಂದುವಿಗೆ ಲ್ಯೂಬ್ ಹೋದರೆ ಕೀ ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಇಲ್ಲ.

ಸ್ಪ್ರಿಂಗಿಗೆ ಎರಡು ದಾರಿ. 205 ಒಂದೇ ಇರುವವರು ಎರಡೂ ತುದಿಯ ಸುರುಳಿಗೆ ಬ್ರಷ್ಷಿನಿಂದ ಸವರಿದರೆ ಸಾಕು, ಟಿಂಗ್ ಹುಟ್ಟುವುದು ಹೆಚ್ಚಾಗಿ ತುದಿ ಪ್ಲಾಸ್ಟಿಕ್ಕಿಗೆ ಉಜ್ಜುವಲ್ಲಿ. 105 ಎಣ್ಣೆ ಇರುವವರು ಎಲ್ಲಾ ಸ್ಪ್ರಿಂಗುಗಳನ್ನು ಒಂದು ಜಿಪ್ ಚೀಲಕ್ಕೆ ಹಾಕಿ, ಹತ್ತು ಸ್ಪ್ರಿಂಗಿಗೆ ಒಂದು ಹನಿಯ ಲೆಕ್ಕದಲ್ಲಿ ಎಣ್ಣೆ ಬಿಟ್ಟು, ಗಾಳಿ ತುಂಬಿ ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ. ಐದು ನಿಮಿಷದಲ್ಲಿ ಅಷ್ಟೂ ಸ್ಪ್ರಿಂಗ್ ಮುಗಿಯುತ್ತದೆ, ಎಲ್ಲಕ್ಕೂ ಸಮನಾಗಿ ಹತ್ತುತ್ತದೆ. ನನಗೆ ಈ ದಾರಿಯೇ ಇಷ್ಟ.

ಸ್ಟೆಮ್ ಈ ಕೆಲಸದ ಜೀವಾಳ. ಮೇಲಿನ ಕೂಡು ಗುರುತಿನಂಥ ಭಾಗವನ್ನು ಹಿಡಿದು, ಎರಡು ಪಕ್ಕದ ಹಳಿಗಳಿಗೆ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಆಮೇಲೆ ಹಿಂಭಾಗ, ಮುಂಭಾಗ. ಮುಂಭಾಗದಲ್ಲಿ ಎರಡು ಸಣ್ಣ ಕಾಲುಗಳಿವೆ. ಲೀಫನ್ನು ತಳ್ಳುವುದು ಇವೇ. ಲೀನಿಯರ್ ಆದರೆ ಬ್ರಷ್ಷಿನಲ್ಲಿ ಉಳಿದದ್ದನ್ನು ಈ ಕಾಲುಗಳಿಗೆ ಲಘುವಾಗಿ ಸವರಿ. ಟ್ಯಾಕ್ಟೈಲ್ ಆದರೆ ಕಾಲುಗಳನ್ನು ಮುಟ್ಟಲೇಬೇಡಿ. ಆ ಉಬ್ಬು ಇರುವುದು ಅಲ್ಲೇ. ಅದಕ್ಕೆ ಲ್ಯೂಬ್ ಬಿದ್ದರೆ ಬೆರಳಿಗೆ ಸಿಗುವ ತಡೆ ಕಡಿಮೆಯಾಗಿ ಸ್ವಿಚ್ ಸಪ್ಪೆಯಾಗುತ್ತದೆ. ಕೊನೆಗೆ ತಳದ ಕಂಬಕ್ಕೆ ಒಂದು ಸುತ್ತು. ಕೀಕ್ಯಾಪ್ ಕೂರುವ ಮೇಲಿನ ಭಾಗಕ್ಕೆ ಮಾತ್ರ ಹಚ್ಚಬೇಡಿ, ಕ್ಯಾಪ್ ಸಡಿಲವಾಗುತ್ತದೆ.

ಮೇಲಿನ ಹೌಸಿಂಗಿಗೆ ಬೇರೆ ಹಚ್ಚುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಸ್ಟೆಮ್ಮಿಗೆ ಹಚ್ಚಿದ್ದೇ ಅಲ್ಲಿಗೂ ತಲುಪುತ್ತದೆ.

ಜೋಡಿಸುವಾಗ ಸ್ಪ್ರಿಂಗನ್ನು ಕೊಳವೆಗೆ ಕೂರಿಸಿ, ಸ್ಟೆಮ್ಮಿನ ಕಾಲುಗಳು ಲೀಫ್ ಕಡೆಗೆ ಬರುವಂತೆ ಇಳಿಸಿ, ಮೇಲಿನ ಹೌಸಿಂಗ್ ಒತ್ತಿ. ಎಲ್ಲಾ ಕ್ಲಿಪ್ಪುಗಳೂ ಕೂತ ಸದ್ದು ಕೇಳಬೇಕು. ಸ್ವಿಚ್ಚನ್ನು ಕಿವಿಯ ಹತ್ತಿರ ಹಿಡಿದು ಹತ್ತಾರು ಸಲ ಒತ್ತಿ ನೋಡಿ. ಟಿಂಗ್ ಇದ್ದರೆ ಈಗಲೇ ಬಿಚ್ಚಿ ಸರಿಮಾಡಿ, ಕೀಬೋರ್ಡಿಗೆ ಹಾಕಿದ ಮೇಲೆ ಯಾವುದು ಅಂತ ಹುಡುಕುವುದು ಕಷ್ಟ.

ಶಿಫ್ಟ್ ಮತ್ತು ಎಫ್: ಕನ್ನಡದವರ ಕೀಗಳು

ಈಗ ನಮ್ಮ ವಿಷಯಕ್ಕೆ ಬರೋಣ. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದಲ್ಲಿ ಬರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಳಸುವವರು ಒತ್ತಕ್ಷರ ಬಂದಾಗಲೆಲ್ಲ ಎಫ್ ಒತ್ತುತ್ತಾರೆ. ದೀರ್ಘ ಬಂದರೆ ಶಿಫ್ಟ್. ಮಹಾಪ್ರಾಣ ಬಂದರೆ ಶಿಫ್ಟ್. ಸೊನ್ನೆಗೂ ಶಿಫ್ಟ್. 'ಸಿದ್ಧಗಂಗಾ ಮಠ' ಅಂತ ಹೊಡೆದು ನೋಡಿ. ಎಸ್, ಐ, ಡಿ, ಎಫ್, ಶಿಫ್ಟ್ ಡಿ, ಜಿ, ಶಿಫ್ಟ್ ಎಂ, ಜಿ, ಶಿಫ್ಟ್ ಎ, ಸ್ಪೇಸ್, ಎಂ, ಶಿಫ್ಟ್ ಕ್ಯೂ. ಎರಡು ಪದಕ್ಕೆ ನಾಲ್ಕು ಶಿಫ್ಟ್. ಕೈ ಕಲಿತವರ ರೀತಿಯಲ್ಲಿ ಎದುರು ಕೈಯ ಶಿಫ್ಟ್ ಬಳಸಿದರೆ ಬಲಗಡೆಯದು ಮೂರು ಸಲ, ಎಡಗಡೆಯದು ಒಂದು ಸಲ. ಇಂಗ್ಲಿಷಿನಲ್ಲಿ ವಾಕ್ಯಕ್ಕೊಮ್ಮೆ ಒತ್ತುವ ಕೀಯನ್ನು ನಾವು ಪದಕ್ಕೊಮ್ಮೆ ಒತ್ತುತ್ತೇವೆ. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಒತ್ತಿನ ಕೀ ಡಿ, ಅವರಿಗೂ ಶಿಫ್ಟಿನ ಕೆಲಸ ಕಡಿಮೆಯೇನಲ್ಲ.

ಹಾಗಾಗಿ ಎಲ್ಲಾ ಸ್ವಿಚ್ ಲ್ಯೂಬ್ ಮಾಡಿದ ಮೇಲೆ ಅತ್ಯಂತ ಚೆನ್ನಾಗಿ ಬಂದವನ್ನು ಆರಿಸಿ ಎಫ್‌ಗೆ, ಎರಡು ಶಿಫ್ಟಿಗೆ, ಸ್ಪೇಸಿಗೆ ಇಡಿ. ಸುಮಾರಾಗಿ ಬಂದವು ಮೇಲಿನ ಸಾಲಿಗೆ ಹೋಗಲಿ.

ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್, ಸ್ಪೇಸ್ ಇವು ಉದ್ದದ ಕೀಗಳು. ಇವುಗಳ ಕೆಳಗೆ ಸ್ವಿಚ್ಚಿನ ಜೊತೆಗೆ ಸ್ಟೆಬಿಲೈಸರ್ ಇರುತ್ತದೆ: ಎರಡು ಪಕ್ಕದಲ್ಲಿ ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ, ನಡುವೆ ಒಂದು ತಂತಿ. ಉದ್ದದ ಕೀ ಒತ್ತಿದಾಗ ಗಿಲಿಗಿಲಿ ಅಲ್ಲಾಡುವ ಸದ್ದು ಬರುವುದು ಈ ತಂತಿಯಿಂದ. ಸ್ವಿಚ್ಚಿಗೆ ಎಷ್ಟೇ ಲ್ಯೂಬ್ ಹಚ್ಚಿದರೂ ಅದು ಹೋಗುವುದಿಲ್ಲ. ಕೆಲವು ಸಣ್ಣ ಕೀಬೋರ್ಡುಗಳಲ್ಲಿ ಬಲಗಡೆಯ ಶಿಫ್ಟ್ ಗಿಡ್ಡವಾಗಿದ್ದು ಸ್ಟೆಬಿಲೈಸರ್ ಇರುವುದಿಲ್ಲ. ಎಡಗಡೆಯದಕ್ಕೆ ಸಾಮಾನ್ಯವಾಗಿ ಇರುತ್ತದೆ.

ಇಲ್ಲಿ ಮಾತ್ರ ಕೈ ಸ್ವಲ್ಪ ಧಾರಾಳ ಇರಲಿ. ತಂತಿಯನ್ನು ತೆಗೆದು ಕನ್ನಡಿ ಅಥವಾ ಗಾಜಿನ ಮೇಲೆ ಇಡಿ. ಎರಡು ತುದಿಯೂ ಸಮನಾಗಿ ಗಾಜಿಗೆ ತಾಗಬೇಕು. ಒಂದು ಕಡೆ ಎದ್ದಿದ್ದರೆ ಕೈಯಲ್ಲೇ ಮೆಲ್ಲಗೆ ಬಗ್ಗಿಸಿ ಸರಿಮಾಡಿ. ಆಮೇಲೆ ತಂತಿಯ ತುದಿಗಳು ಪ್ಲಾಸ್ಟಿಕ್ಕಿನೊಳಗೆ ಹೋಗುವ ಜಾಗಕ್ಕೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ. ಇದು ವಾಹನಗಳ ವಿದ್ಯುತ್ ಜೋಡಣೆಗೆ ಹಚ್ಚುವ ಸಿಲಿಕೋನ್ ಗ್ರೀಸ್. ಅದು ಇಲ್ಲದಿದ್ದರೆ 205 ಅನ್ನೇ ದಪ್ಪಗೆ ಹಚ್ಚಿದರೂ ನಡೆಯುತ್ತದೆ. ಪೆಟ್ಟಿಗೆಯ ಒಳಗೋಡೆಗೆ ತೆಳುವಾಗಿ 205.

ಕೂರಿಸಿ ಪರೀಕ್ಷಿಸುವುದು

ಸ್ವಿಚ್ ಕೂರಿಸುವ ಮೊದಲು ಪ್ರತಿಯೊಂದರ ಪಿನ್ ನೋಡಿ. ಬಾಗಿದ್ದರೆ ಚಿಮಟದಲ್ಲಿ ನೆಟ್ಟಗೆ ಮಾಡಿ. ಸ್ವಿಚ್ಚನ್ನು ನೇರವಾಗಿ ಇಟ್ಟು, ಬೋರ್ಡಿನ ಹಿಂಭಾಗಕ್ಕೆ ಕೈ ಆನಿಸಿ ಒತ್ತಿ. ಕೀಕ್ಯಾಪ್ ಹಾಕುವ ಮುಂಚೆಯೇ ವೈರ್ ಜೋಡಿಸಿ ಒಂದೊಂದಾಗಿ ಎಲ್ಲಾ ಕೀ ಒತ್ತಿ ನೋಡಿ.

ಅಕ್ಷರವೇ ಬೀಳದಿದ್ದರೆ ಬಹುತೇಕ ಪಿನ್ ಒಳಗೆ ಮಡಚಿಕೊಂಡಿರುತ್ತದೆ, ತೆಗೆದು ನೋಡಿ. ಒಮ್ಮೆ ಒತ್ತಿದರೆ ಎರಡು ಅಕ್ಷರ ಬಿದ್ದರೆ, ಅಥವಾ ಆಗಾಗ ಅಕ್ಷರ ತಪ್ಪಿಸಿದರೆ, ಲೀಫಿಗೆ ಲ್ಯೂಬ್ ತಾಗಿದೆ. ಬಿಚ್ಚಿ ಹತ್ತಿ ಕಡ್ಡಿಯಲ್ಲಿ ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಕ್ರೈಟಾಕ್ಸನ್ನು ಕರಗಿಸುವುದಿಲ್ಲ, ಹಾಗಾಗಿ ಅದರಲ್ಲಿ ನೆನೆಸಿಟ್ಟರೆ ಹೋಗುತ್ತದೆ ಅಂದುಕೊಳ್ಳಬೇಡಿ. ಒರೆಸಿಯೇ ತೆಗೆಯಬೇಕು. ಕೀ ಮೇಲೆ ಬರಲು ಸೋಮಾರಿತನ ಮಾಡಿದರೆ ಲ್ಯೂಬ್ ಜಾಸ್ತಿಯಾಗಿದೆ, ಅದನ್ನೂ ಒರೆಸಿ ಮತ್ತೆ ತೆಳುವಾಗಿ ಹಚ್ಚಿ. ಹಚ್ಚಿದ ಮೊದಲ ಕೆಲವು ದಿನ ಒಂದೊಂದು ಕೀ ಸ್ವಲ್ಪ ಬೇರೆ ಅನಿಸಬಹುದು. ಟೈಪ್ ಮಾಡುತ್ತಾ ಲ್ಯೂಬ್ ಹರಡಿಕೊಂಡು ಒಂದೇ ಸಮ ಆಗುತ್ತದೆ, ಅದಕ್ಕಾಗಿ ಮತ್ತೆ ಬಿಚ್ಚಬೇಡಿ.

ಉಳಿದ ಲ್ಯೂಬಿನ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಮಕ್ಕಳ ಕೈಗೆ ಸಿಗದ ಕಡೆ ಇಡಿ, ವರ್ಷಗಟ್ಟಲೆ ಕೆಡುವುದಿಲ್ಲ. ಇಬ್ಬರು ಮೂವರು ಗೆಳೆಯರು ಸೇರಿ ಒಂದೇ ಡಬ್ಬಿ, ಒಂದೇ ಓಪನರ್ ತರಿಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಹಾಗೆ ಸೇರಿ ಮಾಡುವಾಗ ಒಂದು ಕೀಬೋರ್ಡಿನ ಸ್ಟೆಮ್ಮುಗಳನ್ನೆಲ್ಲ ಒಬ್ಬರೇ ಹಚ್ಚಲಿ, ಬಿಚ್ಚುವುದು ಜೋಡಿಸುವುದನ್ನು ಉಳಿದವರು ನೋಡಿಕೊಳ್ಳಲಿ. ಕೈ ಬದಲಾದರೆ ಅಳತೆಯೂ ಬದಲಾಗುತ್ತದೆ.